ಎರಡನೇ ಪೋರ್ಟಿನ ನವಿಲು

5.7.99 ಸೋಮವಾರ

ಇವತ್ತೂ ಇಲ್ಲ. ಬೆಳಿಗ್ಗೆಯಿಂದ ಸ್ಕ್ರೀನ್ ಮೇಲೆ ಒಂದೇ ಸಾಲು — ಪೋರ್ಟ್ ನಾಟ್ ಫೌಂಡ್. ಕಾಣಲ್ವಂತೆ! ಕಂಪ್ಯೂಟರ್ ಬೆನ್ನಿನಲ್ಲೇ ಇದೆ. ನಾನೇ ವೈರು ಸಿಕ್ಕಿಸಿ ಸ್ಕ್ರೂ ಬಿಗಿ ಮಾಡಿದ್ದೇನೆ. ದರಿದ್ರದ್ದು.

ಹಳೆಯ ಡಾಸ್ ಕಂಪ್ಯೂಟರ್ ಇದ್ದಾಗ ಈ ಗೋಳಿರಲಿಲ್ಲ. ನಾನು ಕ್ಯಾಬಿನ್‌ನಲ್ಲಿ ಕೂತು ಡಿಸೈನ್ ಮಾಡುವುದು, ವೈರಿನಲ್ಲಿ ಕಳಿಸುವುದು, ಆಚೆ ಹಾಲ್‌ನಲ್ಲಿ ಎಂಬ್ರಾಯ್ಡರಿ ಮಷೀನು ಅದನ್ನು ಹೊಲಿಯುವುದು. ಅದು ಸುಟ್ಟುಹೋಯಿತು. ಓನರ್ ಪಿಳ್ಳಪ್ಪನವರು ಎಲ್ಲಿಂದಲೋ ಸೆಕೆಂಡ್ ಹ್ಯಾಂಡ್ ವಿಂಡೋಸ್ ನೈಂಟಿಫೈವ್ ತಂದಿಟ್ಟರು. ಡಿಸೈನ್ ಕಳಿಸುವ ಪ್ರೋಗ್ರಾಂ ಮಾತ್ರ ಅದೇ ಹಳೇ ಡಾಸ್‌ದು. ಒಂದೇ ಮನೆಯಲ್ಲಿ ಮಾತು ಬಿಟ್ಟ ಅತ್ತೆ ಸೊಸೆ ಥರ ಇವೆ ಎರಡೂ.

ಮಷೀನ್ ಆಪರೇಟರ್ ಹುಲಿಗೆಪ್ಪ ಬಾಗಿಲಲ್ಲಿ ನಿಂತು ಹಲ್ಲು ಕಿರಿದ. ಕೊಪ್ಪಳದ ಕಡೆಯವನು, ನಮ್ಮಪ್ಪ ಇದ್ದಿದ್ದರೆ ಅಷ್ಟೇ ವಯಸ್ಸು.

"ಯಾಕವ್ವಾ ಧನುಶ್ರೀ, ನಿನ್ನ ಹೊಸಾ ಪೆಟ್ಟಿಗಿ ಮಾತಾಡವಲ್ದೇನು? ಮಷೀನ್ ಖಾಲಿ ಕುಂತೈತಿ."

"ಮಷೀನಿಗೆ ಎಣ್ಣೆ ಹಾಕಿ ಹುಲಿಗೆಪ್ಪಣ್ಣ. ನನ್ನ ತಲೆ ಮೇಲೆ ಹಾಕ್ಬೇಡಿ."

ಸಂಜೆ ಪಿಳ್ಳಪ್ಪನವರು ಬಂದರು. "ಶ್ರಾವಣ ಬಂದ್ರೆ ಮದ್ವೆ ಆರ್ಡರ್ ಬತ್ತವೆ ಕಣಮ್ಮಿ. ಅಷ್ಟ್ರೊಳಗೆ ಸರಿ ಮಾಡ್ಬುಡು. ಆಗ್ದಿದ್ರೆ ಬೇರೇರ್ನ ಕರ್ಕೊಂಬತ್ತೀನಿ. ನೀನು ಮತ್ತೆ ದಾರ ಕತ್ತರ್ಸು."

ಎಷ್ಟು ಸುಲಭವಾಗಿ ಹೇಳಿಬಿಟ್ಟರು! ದಾರ ಕತ್ತರಿಸುವ ನೆಲದಿಂದ ಈ ಕುರ್ಚಿಗೆ ಬರಲು ನನಗೆ ಎರಡು ವರ್ಷ ಬೇಕಾಯಿತು. ಯಾರೂ ಕಲಿಸಲಿಲ್ಲ. ನೋಡಿ ನೋಡಿ ಕಲಿತೆ. ಮತ್ತೆ ಕೆಳಗೆ ಕೂರುವುದಿಲ್ಲ. ಸಾಯಿಸಿದರೂ ಇಲ್ಲ.

6.7.99

ಸಿಕ್ಕಿತು! ಕಳ್ಳ ಮೋಡೆಮ್ಮು.

ಜರ್ಮನಿ ಪಾರ್ಟಿಗೆ ಇ-ಮೇಲ್ ಕಳಿಸಲೆಂದು ಪಿಳ್ಳಪ್ಪನವರು ಒಳಗೆ ಒಂದು ಮೋಡೆಮ್ ಕಾರ್ಡ್ ಹಾಕಿಸಿದ್ದರು. ಅದು ಹೋಗಿ ಕಾಮ್ ಟೂ, ಅಂದರೆ ಎರಡನೇ ಪೋರ್ಟಿನ ಜಾಗದಲ್ಲಿ ಕೂತಿದೆ. ಅದು ನನ್ನ ಎಂಬ್ರಾಯ್ಡರಿ ಮಷೀನಿನ ಪೋರ್ಟು. ಎರಡು ಬಾಗಿಲಿಗೆ ಒಂದೇ ಗಂಟೆ. ಗಂಟೆ ಹೊಡೆದರೆ ಯಾರು ಏಳಬೇಕು ಗೊತ್ತಾಗದೆ ಇಬ್ಬರೂ ಕೂತೇ ಇರುತ್ತಾರೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಹಾಕಿಕೊಂಡು ಅಳುತ್ತಿತ್ತು, ನಾನೇ ನೋಡಿರಲಿಲ್ಲ. ಮೋಡೆಮ್ಮನ್ನು ಆಚೆ ತಳ್ಳಿ, ಬೇರೆ ನಂಬರ್ ಕೊಟ್ಟು, ರೀಸ್ಟಾರ್ಟ್ ಮಾಡಿದೆ. ಒಂದು ಪುಟ್ಟ ಮಾವಿನಕಾಯಿ ಡಿಸೈನ್ ಕಳಿಸಿದೆ. ಆಚೆ ಮಷೀನು ಟಕಟಕ ಶುರು ಮಾಡಿತು. ಎದ್ದು ಕುಣಿಯಬೇಕು ಅನ್ನಿಸಿತು.

ನೂರುನ್ನೀಸಾ ಆಪಾ ದಾರ ಕತ್ತರಿಸುತ್ತಿದ್ದವರು ಕತ್ತರಿ ಎತ್ತಿ ತೋರಿಸಿದರು. "ಶಾಬಾಶ್ ಬೇಟಿ! ಆ ಹುಲಿಗ್ಯಾ ಮುಖ ನೋಡು, ಹುಣಸೇಹಣ್ಣು ತಿಂದಂಗಾಯ್ತು."

ಮಧ್ಯಾಹ್ನ ಓನರ್ ಹೆಂಡತಿ ಆಂಜನಮ್ಮ ಮೇಡಂ ಬಂದರು. ಎಕ್ಸಿಬಿಷನ್‌ನಲ್ಲಿ ಕೊಂಡ ಸಿ.ಡಿ. — ಲಕ್ಷ್ಮಿ ಸ್ಕ್ರೀನ್ ಸೇವರ್. ನನ್ನಿಂದಲೇ ಹಾಕಿಸಿದರು. ಸ್ವಲ್ಪ ಹೊತ್ತು ಯಾರೂ ಕಂಪ್ಯೂಟರ್ ಮುಟ್ಟದಿದ್ದರೆ ಸ್ಕ್ರೀನ್ ತುಂಬ ಲಕ್ಷ್ಮಿ, ಅಂಗೈಯಿಂದ ನಾಣ್ಯ ಸುರಿಯುತ್ತದೆ. ಊದುಬತ್ತಿ ಹಚ್ಚಿ, ಮಾನಿಟರ್ ನೆತ್ತಿಗೆ ಕುಂಕುಮ ಇಟ್ಟು ಹೋದರು. ಹಾಳಾಗಿ ಹೋಗಲಿ, ನನ್ನ ಪೋರ್ಟ್ ಸರಿಯಾಯಿತಲ್ಲ.

9.7.99

ಥೂ.

ಇಂದಿರಾನಗರದ ಪಾರ್ಟಿಯ ಮದುವೆ ಬ್ಲೌಸು. ಬೆನ್ನಿಗೆ ದೊಡ್ಡ ನವಿಲು. ಕಾಲು ಚೆನ್ನಾಗಿ ಬಂತು, ಮೈ ಬಂತು, ಅರ್ಧ ಗರಿ ಬಂತು. ಆಮೇಲೆ ಇಡೀ ನವಿಲು ಒಂದು ಬೆರಳು ಪಕ್ಕಕ್ಕೆ! ಕುತ್ತಿಗೆ ಒಂದು ಕಡೆ, ತಲೆ ಇನ್ನೊಂದು ಕಡೆ. ಯಾರೋ ಕತ್ತು ಹಿಸುಕಿದ ಹಾಗೆ. ಒಳ್ಳೇ ಕಾಂಜೀವರಂ ಬಟ್ಟೆ, ಬಿಚ್ಚಿದರೂ ಸೂಜಿ ತೂತು ಹೋಗುವುದಿಲ್ಲ.

"ನಿನ್ನ ಫೈಲೇ ಹಂಗೈತಿ," ಅಂದ ಹುಲಿಗೆಪ್ಪ.

"ಸ್ಕ್ರೀನ್ ನೋಡ್ರಿ! ಇಲ್ಲಿ ಸರಿ ಇದೆ. ಬಟ್ಟೆ ಹಿಡಿಯೋ ಫ್ರೇಮು ಲೂಸ್ ಬಿಟ್ಟಿದ್ದೀರ ನೀವು."

"ನಾನಾ? ಇಪ್ಪತ್ತು ವರ್ಷದಾಗ ಒಂದ್ ದಿನಾ ಫ್ರೇಮ್ ಜಾರಿಲ್ಲ ನನ್ನ ಕೈಯಾಗ. ನಿನ್ನೆ ಮೊನ್ನೆ ಬಂದಾಕಿ ನನಗ ಹೇಳ್ತಿ?"

ಪಾರ್ಟಿಯವರು ಬಂದು ಇಬ್ಬರಿಗೂ ಉಗಿದರು. ಪಿಳ್ಳಪ್ಪನವರು ಅವರೆದುರಿಗೆ ನನ್ನತ್ತ ಬೆರಳು ತೋರಿಸಿದರು. ನನ್ನತ್ತ ಮಾತ್ರ.

16.7.99

ವಾರದಿಂದ ಇದೇ ಕಥೆ. ಸಣ್ಣ ಡಿಸೈನ್ ಎಲ್ಲ ಸರಿ. ಹೂವು, ಮಾವಿನಕಾಯಿ, ಹೆಸರಿನ ಅಕ್ಷರ — ಒಂದೂ ತಪ್ಪಿಲ್ಲ. ದೊಡ್ಡದು ಕೊಟ್ಟರೆ ನಡುವೆ ಎಲ್ಲೋ ಜಾರುತ್ತದೆ. ಮಷೀನಿಗೆ ಮೆಮೊರಿ ಇಲ್ಲವೇ ಇಲ್ಲ ಅನ್ನಬಹುದು. ಹೊಲಿಯುತ್ತಾ ಹೊಲಿಯುತ್ತಾ ಕಂಪ್ಯೂಟರಿನಿಂದ ತುತ್ತು ತುತ್ತಾಗಿ ತರಿಸಿಕೊಳ್ಳುತ್ತದೆ. ದಾರಿಯಲ್ಲಿ ಫೈಲಿನ ಒಂದೇ ಒಂದು ಅಕ್ಷರ ಬಿದ್ದುಹೋದರೂ ಆಮೇಲಿನ ಹೊಲಿಗೆಯೆಲ್ಲ ಪಕ್ಕಕ್ಕೆ. ಯಾಕೆ ಬೀಳುತ್ತಿದೆ? ಬೇರೆ ವೈರು ಹಾಕಿದೆ. ಪೋರ್ಟಿನ ಸ್ಪೀಡ್ ಕಮ್ಮಿ ಮಾಡಿದೆ. ಎಸ್.ಪಿ. ರೋಡಿನಿಂದ ಹೊಸ ಪೋರ್ಟ್ ಕಾರ್ಡ್ ತಂದು ಹಾಕಿದೆ. ಜಪ್ಪಯ್ಯ ಅನ್ನಲಿಲ್ಲ.

ಮಷೀನು ನಿಧಾನ ಓಡಿಸಿ ಅಂದೆ. ಹುಲಿಗೆಪ್ಪ ಗೊಣಗಿಕೊಂಡು ನಿಧಾನ ಮಾಡಿದ. ಇನ್ನೂ ಬೇಗ ಹಾಳಾಯಿತು! ಮೊದಲು ಗರಿಯವರೆಗೆ ಬರುತ್ತಿತ್ತು, ಈಗ ಕಾಲಿನಲ್ಲೇ ಮುರಿಯಿತು. ಇದು ಹೇಗೆ ಸಾಧ್ಯ? ತಲೆ ಕೆಟ್ಟು ಹೋಗಿದೆ.

22.7.99

ಇವತ್ತಿನದು ಬರೆದಿಡುತ್ತೇನೆ, ಮರೆಯಬಾರದು.

ಹುಲಿಗೆಪ್ಪ ಆಂಜನಮ್ಮ ಮೇಡಂ ಹತ್ತಿರ ಹೇಳಿದ್ದಾನೆ — "ಮಷೀನ್ ಛಲೋ ಐತ್ರಿ, ಪೆಟ್ಟಿಗಿ ಛಲೋ ಐತಿ. ಆಕಿ ಕೈಗುಣ ಸರಿ ಇಲ್ರೀ." ನಾನು ಕ್ಯಾಬಿನ್ ಒಳಗೇ ಇದ್ದೆ, ಗಾಜಿನ ಈಚೆ. ಕೇಳಿಸಲಿ ಅಂತಲೇ ಹೇಳಿದ.

ಮೇಡಂ ಒಳಗೆ ಬಂದು ನಗುತ್ತಾ ಕೇಳಿದರು. "ಧನು, ನಿಮ್ಮನೇಲಿ ವರಮಹಾಲಕ್ಷ್ಮಿ ಹೆಂಗೆ ಮಾಡ್ತೀರಾ? ಕಳಸ ಇಡ್ತೀರಾ?"

"ನಮ್ಮನೇಲಿ ಮಾಡಲ್ಲ ಮೇಡಂ. ನಾವು ಬುದ್ಧನ ಫೋಟೋ ಇಟ್ಕೊಂಡಿರೋದು."

"ಓ... ಮರ್ಫಿ ಟೌನ್ ಅಲ್ವಾ ನೀವು?"

"ಹೌದು ಮೇಡಂ."

ಅಷ್ಟೇ. ಏರಿಯಾ ಹೆಸರಿನಲ್ಲೇ ಜಾತಿ ಸಿಕ್ಕಿತು ಅವರಿಗೆ. ನಗು ಅಲ್ಲಿಗೇ ನಿಂತಿತು. ಒಂದು ಗಂಟೆ ಬಿಟ್ಟು ಅರಿಶಿನದ ನೀರು ತಂದು ಕ್ಯಾಬಿನ್ ತುಂಬ ಚಿಮುಕಿಸಿದರು. ಬಾಗಿಲಿಗೆ, ಟೇಬಲ್ಲಿಗೆ, ನನ್ನ ಕುರ್ಚಿಗೆ. ಕೀಬೋರ್ಡಿಗೂ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಈಗ ಸ್ಪೇಸ್ ಬಾರ್ ಅಂಟುತ್ತಿದೆ, ಅದನ್ನೂ ನಾನೇ ಬಿಚ್ಚಿ ತೊಳೆಯಬೇಕು.

ಅವ್ವನಿಗೆ ಹೇಳಲಿಲ್ಲ. ನಮ್ಮವ್ವ ಅಕ್ಕಯಮ್ಮನ ಬಾಯಿ ಇಡೀ ಮರ್ಫಿ ಟೌನಿಗೆ ಗೊತ್ತು. ನಾಳೆ ಬೆಳಿಗ್ಗೆ ಹಲಸೂರಿಗೆ ಬಂದು ಯೂನಿಟ್ ಬಾಗಿಲಲ್ಲೇ ನಿಂತುಬಿಡುತ್ತಾಳೆ.

23.7.99

ಹೋಗಲು ಮನಸ್ಸಿರಲಿಲ್ಲ. ಹೋದೆ.

2.8.99

ಹುಲಿಗೆಪ್ಪನ ಜೊತೆ ಬೆಳಿಗ್ಗೆಯೇ ಜಗಳ. ಪ್ರತಿ ಸಲ ಡಿಸೈನ್ ಶುರು ಮಾಡಿ ಹಾಲ್‌ಗೆ ಓಡಿಹೋಗಿ ಮಷೀನ್ ಮುಂದೆ ನಿಲ್ಲುತ್ತಿದ್ದೆ, ಎಲ್ಲಿ ಜಾರುತ್ತದೆ ನೋಡಲು. ಇವತ್ತು ಅವನು ಅಡ್ಡ ನಿಂತ. "ನನ್ನ ಮಷೀನ್ ಮುಂದ ಬರಬ್ಯಾಡ. ನೀ ಬಂದ್ರ ದಾರಾ ಹರಿತೈತಿ."

"ಬರಲ್ಲ ಹೋಗ್ರಿ! ನೀವೂ ನಿಮ್ಮ ಮಷೀನೂ!"

ಕ್ಯಾಬಿನ್ ಬಾಗಿಲು ದಡ್ ಅಂತ ಹಾಕಿಕೊಂಡು ಕೂತೆ. ಕಣ್ಣಲ್ಲಿ ನೀರು. ಮೌಸ್ ಹಿಡಿದುಕೊಂಡು ಸುಮ್ಮನೆ ಅತ್ತಿತ್ತ ಆಡಿಸುತ್ತಿದ್ದೆ, ಇಸ್ಪೀಟ್ ಆಟ ತೆಗೆದು ಮುಚ್ಚಿದೆ. ಆಚೆ ಮಷೀನು ಓಡುತ್ತಲೇ ಇತ್ತು. ನಿಂತಾಗ ನೂರುನ್ನೀಸಾ ಆಪಾ ಕೂಗಿದರು — "ಬೇಟೀ, ನವಿಲು ಬಂತು! ಪೂರಾ!"

ಹೋಗಿ ನೋಡಿದೆ. ಕೊಕ್ಕಿನಿಂದ ಬಾಲದವರೆಗೆ ಒಂದು ಹೊಲಿಗೆ ಆಚೀಚೆ ಇಲ್ಲ. ಹುಲಿಗೆಪ್ಪ ಗೆದ್ದವನ ಹಾಗೆ ನಿಂತಿದ್ದ. "ನೋಡಿದ್ಯಾ? ನೀ ಬರಲಿಲ್ಲ, ಛಲೋ ಬಂತು."

ಅವನು ಹೇಳಿದ್ದೇ ನಿಜವಾ ಅಂತ ಒಂದು ಗಳಿಗೆ ನನಗೂ ಅನ್ನಿಸಿತು. ಅದಕ್ಕೆ ಇನ್ನೂ ಸಿಟ್ಟು.

3.8.99

ಕೈಗುಣ ಅಲ್ಲ. ಲಕ್ಷ್ಮಿ!

ನಾನು ಎದ್ದು ಹಾಲ್‌ಗೆ ಹೋದರೆ ಕಂಪ್ಯೂಟರ್ ಮುಟ್ಟುವವರಿಲ್ಲ. ಮುಟ್ಟದಿದ್ದರೆ ಲಕ್ಷ್ಮಿ ಬರುತ್ತಾಳೆ. ಲಕ್ಷ್ಮಿ ಬಂದ ಕೂಡಲೇ ವಿಂಡೋಸು ಎಲ್ಲ ಬಿಟ್ಟು ಅವಳ ನಾಣ್ಯ ಉದುರಿಸುವುದರಲ್ಲಿ ಮುಳುಗುತ್ತದೆ, ನನ್ನ ಡಾಸ್ ಪ್ರೋಗ್ರಾಂ ಮೂಲೆಯಲ್ಲಿ ತೂಕಡಿಸುತ್ತದೆ. ಮಷೀನು ಪೋರ್ಟಿನಲ್ಲಿ ತಾಳು ತಾಳು ಅಂದರೂ ಕೇಳಿಸುವುದಿಲ್ಲ, ಕೊಡು ಅಂದರೂ ಕೇಳಿಸುವುದಿಲ್ಲ. ಅಕ್ಷರ ಬಿದ್ದುಹೋಗುತ್ತದೆ. ಸಣ್ಣ ಡಿಸೈನ್ ಅವಳು ಬರುವುದರೊಳಗೆ ಮುಗಿಯುತ್ತಿತ್ತು. ನಿಧಾನ ಓಡಿಸಿದ್ದಕ್ಕೆ ನವಿಲಿನ ಕಾಲಿನಲ್ಲೇ ಬಂದು ಸಿಕ್ಕಿಕೊಂಡಳು. ನಿನ್ನೆ ನಾನು ಮೌಸ್ ಆಡಿಸುತ್ತಾ ಕೂತಿದ್ದಕ್ಕೆ ಬರಲೇ ಇಲ್ಲ. ಎಲ್ಲ ಲೆಕ್ಕ ಸರಿಹೋಯಿತು.

ಹಳೇ ಬಟ್ಟೆ ಮೇಲೆ ಎರಡು ಸಲ ಟೆಸ್ಟ್ ಮಾಡಿದೆ. ನಡುನಡುವೆ ಶಿಫ್ಟ್ ಕೀ ಒತ್ತುತ್ತಾ ಕೂತೆ — ನವಿಲು ಸರಿ. ಕೈ ಬಿಟ್ಟು ಕೂತೆ — ಲಕ್ಷ್ಮಿ ಬಂದಳು, ಕುತ್ತಿಗೆ ಹೋಯಿತು.

ಓಡಿಹೋಗಿ ಪಿಳ್ಳಪ್ಪನವರಿಗೆ ಹೇಳಲು ಎದ್ದೆ. ಬಾಗಿಲವರೆಗೂ ಹೋದೆ. ಏನಂತ ಹೇಳುವುದು? ಲಕ್ಷ್ಮಿಯಿಂದ ಹಾಳಾಗುತ್ತಿದೆ, ತೆಗೆಯಿರಿ ಅಂತಲಾ? ಬೇರೆ ಯಾರು ಹೇಳಿದರೂ ಅದು ಕಂಪ್ಯೂಟರ್ ವಿಷಯ. ನಾನು ಹೇಳಿದರೆ ಮರ್ಫಿ ಟೌನ್ ವಿಷಯ. ವಾಪಸ್ ಬಂದು ಕೂತೆ. ಸ್ಕ್ರೀನ್ ಸೇವರ್ ಆಫ್ ಮಾಡಿದೆ, ಯಾರಿಗೂ ಹೇಳದೆ.

13.8.99

ಹತ್ತು ದಿನ ಒಂದು ಬ್ಲೌಸೂ ಹಾಳಾಗಲಿಲ್ಲ. ಎಲ್ಲ ಅರಿಶಿನದ ನೀರಿನ ಮಹಿಮೆ ಅಂತ ಮೇಡಂ ಹೇಳಿಕೊಂಡು ತಿರುಗಿದರು. ನಾನು ಹೂಂ ಅಂದೆ. ಸಾಕಾಗಿತ್ತು, ಕೆಲಸ ಉಳಿದರೆ ಸಾಕು.

ಇವತ್ತು ಶ್ರಾವಣದ ಮೊದಲ ಶುಕ್ರವಾರ. ಮಂಗಳಾರತಿ ತಟ್ಟೆ ಹಿಡಿದು ಬಂದು ಕಂಪ್ಯೂಟರ್ ಮುಂದೆ ನಿಂತರು. ಕಾದರು. ಬರಲಿಲ್ಲ.

"ಲಕ್ಷ್ಮಿ ಎಲ್ಲಿ?"

"ಮೇಡಂ, ಅದು... ಡಿಸೈನ್ ಹೋಗುವಾಗ ತೊಂದರೆ ಆಗುತ್ತೆ ಅಂತ..."

"ನೀನು ತೆಗ್ದಾ? ನನ್ನ ಕೇಳ್ದೆ ಲಕ್ಷ್ಮೀನ ತೆಗ್ದಾ ನೀನು? ಅವಳು ಬಂದ್ಮೇಲೇ ಜರ್ಮನಿ ಆರ್ಡರ್ ಬಂದಿದ್ದು ಕಣೇ! ನಿಮಗೇನು ಗೊತ್ತು ಇದೆಲ್ಲ!"

ನಿಮಗೆ. ನಿನಗೆ ಅಲ್ಲ.

ಆರತಿ ಎತ್ತದೆ ತಟ್ಟೆ ಹಿಡಿದುಕೊಂಡು ಹೊರಟುಹೋದರು.

14.8.99

ಮುಚ್ಚಿಟ್ಟು ಏನು ಬಂತು? ಪಿಳ್ಳಪ್ಪನವರನ್ನೇ ಕ್ಯಾಬಿನ್‌ಗೆ ಕರೆದೆ. "ನಿಮ್ಮ ಕಣ್ಣಾರೆ ನೋಡಿ ಸಾರ್, ಆಮೇಲೆ ಏನ್ ಬೇಕಾದ್ರೂ ಮಾಡಿ" ಅಂದೆ. ಲಕ್ಷ್ಮಿಯನ್ನು ಮತ್ತೆ ಆನ್ ಮಾಡಿ ಹೊಲಿಸಿದೆ — ಒಮ್ಮೆ ಕೀ ಒತ್ತುತ್ತಾ, ಒಮ್ಮೆ ಒತ್ತದೆ. ಎರಡು ನವಿಲು ಪಕ್ಕಪಕ್ಕ ಇಟ್ಟೆ. ಹುಲಿಗೆಪ್ಪ ಎರಡನ್ನೂ ಮುಟ್ಟಿ ಮುಟ್ಟಿ ನೋಡಿದ. ಅವನೇ ಬಾಯಿ ಬಿಟ್ಟ — "ಖರೇ ಐತ್ರಿ ಮಾಲಕರ. ಆಕೀದೂ ತಪ್ಪಿಲ್ಲ, ನಂದೂ ಇಲ್ಲ."

ಪಿಳ್ಳಪ್ಪನವರು ದಡ್ಡರಲ್ಲ. ಪೂರ್ತಿ ಅರ್ಥವಾಯಿತು. ಮೀಸೆ ಸವರಿಕೊಂಡು ಯೋಚನೆ ಮಾಡಿದರು.

"ಅಂದ್ರೆ ಕೀ ಒತ್ತುತಾ ಇದ್ರೆ ಲಕ್ಷ್ಮಿ ಬರಾಕಿಲ್ಲ. ಒತ್ತಲಿಲ್ಲ ಅಂದ್ರೆ ಬತ್ತಾಳೆ. ಅಷ್ಟೇ ತಾನೆ?"

"ಹೌದು ಸಾರ್. ಆಫ್ ಮಾಡಿದರೆ ಯಾರೂ ಒತ್ತೋದೇ ಬೇಡ."

"ತೆಗೆಯಂಗಿಲ್ಲ ಕಣಮ್ಮಿ. ನಮ್ಮೋಳು ಮನೇಲಿ ಅನ್ನ ನೀರು ಬಿಟ್ಟು ಕೂತವ್ಳೆ. ಒಂದ್ ಕೆಲ್ಸ ಮಾಡು. ಹೊಲಿಯೋ ಹೊತ್ತಲ್ಲಿ ನೀನು ಇಲ್ಲೇ ಕೂತ್ಕೊಂಡು ಒತ್ತುತಾ ಇರು. ಮಿಕ್ಕಿದ್ ಹೊತ್ತಲ್ಲಿ ಲಕ್ಷ್ಮಿ ಇರ್ಲಿ. ಸಂಬಳ ಏನೂ ಕಮ್ಮಿ ಮಾಡಾಕಿಲ್ಲ."

"ಡಿಸೈನು ಸಾರ್?"

"ಅದಕ್ಕೆ ನಮ್ಮ ನಾದ್ನಿ ಮಗ ಬತ್ತಾನೆ. ಕಿರಣಕುಮಾರ. ಕೋರ್ಸ್ ಮಾಡವ್ನೆ."

ದೊಡ್ಡ ಉಪಕಾರ ಮಾಡಿದವರ ಹಾಗೆ ಬೆನ್ನು ತಟ್ಟಲು ಬಂದು, ಕೈ ಹಿಂದಕ್ಕೆ ತೆಗೆದುಕೊಂಡರು.

ನಾನು ಗೆದ್ದೆ. ಎಲ್ಲರೆದುರಿಗೂ ಸಾಬೀತು ಮಾಡಿದೆ. ಮೈಯೆಲ್ಲ ಉರಿಯುತ್ತಿದೆ.

20.8.99 ಶುಕ್ರವಾರ

ವರಮಹಾಲಕ್ಷ್ಮಿ. ಯೂನಿಟ್ ತುಂಬ ಬಾಳೆಕಂದು, ಸೇವಂತಿಗೆ. ಕಿರಣಕುಮಾರ ಹೊಸ ಕಂಪ್ಯೂಟರ್ ಮುಂದೆ ಕೂತಿದ್ದಾನೆ; ಮಷೀನಿಗೆ ಕಳಿಸುವುದು ಇನ್ನೂ ನನ್ನ ಹಳೆಯದರಿಂದಲೇ. ಹೊಸದು ಬಂದಿದೆಯಲ್ಲ, ಲಕ್ಷ್ಮಿ ಅದರಲ್ಲಿರಲಿ, ಇದನ್ನು ಬಿಡಿ ಅಂದೆ. ಮೇಡಂ ನನ್ನ ಮುಖ ನೋಡದೆ ಹೇಳಿದರು — "ಅವಳು ನೆಲೆಸಿರೋದು ಇದರಲ್ಲಿ. ಅವಳನ್ನ ಎತ್ತಿ ಎತ್ತಿ ಇಡೋಕೆ ಅವಳೇನು ಕುರ್ಚೀನಾ?"

ಕಿರಣಕುಮಾರನಿಗೆ ಕೋರ್ಸಿನಲ್ಲಿ ಏನು ಕಲಿಸಿದರೋ. ನನ್ನ ಹಳೇ ಫೈಲುಗಳನ್ನು ತೆಗೆದು, ಬಣ್ಣ ಬದಲಿಸಿ, ತನ್ನದು ಅನ್ನುತ್ತಾನೆ. ಹುಲಿಗೆಪ್ಪನನ್ನು "ಏಯ್ ಹುಲಿಗೆ, ಬಾರೋ ಇಲ್ಲಿ" ಅಂತ ಕರೆದ. ಮೀಸೆ ಸರಿಯಾಗಿ ಬಂದಿಲ್ಲ ಇವನಿಗೆ. ಹುಲಿಗೆಪ್ಪ ಹೋದ, ತಲೆ ತಗ್ಗಿಸಿಕೊಂಡು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಪ್ರಸಾದ ಹಂಚಿದರು. ನನಗೆ ಪೇಪರ್ ಪ್ಲೇಟಿನಲ್ಲಿ, ನೂರುನ್ನೀಸಾ ಆಪಾಗೂ ಪೇಪರ್ ಪ್ಲೇಟಿನಲ್ಲಿ. ಮಿಕ್ಕವರಿಗೆ ಬಾಳೆ ಎಲೆ.

"ತಿನ್ನು ಬೇಟಿ, ಪುಳಿಯೋಗರೆ ಮೇಲೆ ಏನು ಕೋಪ," ಅಂದರು ಆಪಾ. "ನಾನು ಹನ್ನೊಂದು ವರ್ಷದಿಂದ ಈ ಪ್ಲೇಟಲ್ಲೇ ತಿಂತಾ ಇದ್ದೀನಿ."

ನಾನು ತಿನ್ನಲಿಲ್ಲ.

24.8.99, ಬೆಳಿಗ್ಗೆ 11

ಮೊದಲ ಸಲ ಇಲ್ಲೇ ಕೂತು ಬರೆಯುತ್ತಿದ್ದೇನೆ. ಎಡಗೈ ಶಿಫ್ಟ್ ಕೀ ಮೇಲೆ, ಬಲಗೈಯಲ್ಲಿ ಪೆನ್ನು. ಬೇರೆ ಏನು ಕೆಲಸ ನನಗೆ?

ಫ್ರೇಮಿನಲ್ಲಿರುವುದು ಓನರ್ ಮಗಳು ಕಾವೇರಿಯ ಬ್ಲೌಸು. ಭಾನುವಾರ ಮದುವೆ. ನವಿಲು ನನ್ನದು — ಹೋದ ಮಳೆಗಾಲದಲ್ಲಿ ಅವ್ವನ ಹಳೇ ಸೀರೆ ಅಂಚು ನೋಡಿ ಬಿಡಿಸಿದ್ದು. ಕಿರಣಕುಮಾರ ಕಾವೇರಿಗೆ "ನನ್ನ ಗಿಫ್ಟು" ಅಂದನಂತೆ. ಕಾವೇರಿ ಒಳ್ಳೆಯವಳು. ಬೆಳಿಗ್ಗೆ ಕ್ಯಾಬಿನ್‌ಗೆ ಬಂದು "ಧನು, ಹುಷಾರಾಗಿ ನೋಡ್ಕೋ ಪ್ಲೀಸ್" ಅಂದಳು. ಅವಳ ತಪ್ಪೇನೂ ಇಲ್ಲ. ಅದು ನನಗೆ ಗೊತ್ತು.

ಒತ್ತಿದೆ.

ಗಾಜಿನ ಆಚೆ ಪಿಳ್ಳಪ್ಪನವರು, ಮೇಡಂ, ಕಿರಣಕುಮಾರ — ಮಷೀನಿನ ಸುತ್ತ. ನೆಂಟರಿಗೆ ತೋರಿಸುತ್ತಿದ್ದಾರೆ. ಯಾರೋ ಹೆಂಗಸು ನನ್ನತ್ತ ಕೈ ಮಾಡಿ ಏನೋ ಕೇಳಿದಳು. ಕಿರಣಕುಮಾರ ದೊಡ್ಡದಾಗಿ ಹೇಳಿದ, ಗಾಜಿನೊಳಗೂ ಕೇಳಿಸಿತು. "ಅವಳಾ? ಬಟನ್ ಒತ್ತೋಳು ಆಂಟಿ." ಎಲ್ಲರೂ ನಕ್ಕರು. ಪಿಳ್ಳಪ್ಪನವರೂ ನಕ್ಕರು.

ಒತ್ತಿದೆ.

ಕಾಲು ಮುಗಿಯಿತು. ಮೈ ಮುಗಿಯಿತು. ಗರಿ ನಡೆಯುತ್ತಿದೆ. ಮಷೀನಿನ ಸದ್ದಿನಲ್ಲೇ ಗೊತ್ತಾಗುತ್ತದೆ ನನಗೆ, ನೋಡಬೇಕಾಗಿಲ್ಲ. ಈ ಕಂಪ್ಯೂಟರ್ ಪೋರ್ಟ್ ಕಾಣ್ತಿಲ್ಲ ಅಂದಾಗ ಹುಡುಕಿದವಳು ನಾನು. ನವಿಲು ಬಿಡಿಸಿದವಳು ನಾನು. ಅದರ ಕತ್ತು ಯಾಕೆ ಮುರಿಯುತ್ತದೆ ಅಂತ ಕಂಡುಹಿಡಿದವಳು ನಾನು. ಬಟನ್ ಒತ್ತೋಳು. ನಾಳೆಯೂ ಇದೇ, ನಾಡಿದ್ದೂ ಇದೇ, ಆಪಾ ಥರ ಹನ್ನೊಂದು ವರ್ಷ ಇದೇ. ಅವ್ವ ಕೇಳಿದರೆ ಏನು ಹೇಳಲಿ? ಕಂಪ್ಯೂಟರ್ ಕೆಲಸ ಅಂತ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಎಡಗೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ಕಾವೇರಿ ಅಳುತ್ತಾಳೆ. ಗೊತ್ತು. ಆ ಪಾಪ ನನ್ನ ತಲೆ ಮೇಲೆ ಬರಲಿ.

ಸ್ಕ್ರೀನ್ ಕಪ್ಪಾಯಿತು. ಬಂದಳು. ಅಂಗೈಯಿಂದ ನಾಣ್ಯ ಸುರಿಯುತ್ತಿದೆ. ಗಾಜಿನ ಆಚೆಯಿಂದ ಮೇಡಂ ನೋಡಿದರು, ಮುಖ ಅರಳಿತು, ಗಂಡನ ತೋಳು ಹಿಡಿದು ಎಳೆದು ತೋರಿಸಿದರು. ಶುಭ ಶಕುನ ಅನ್ನುತ್ತಿದ್ದಾರೇನೋ. ನೆಂಟರೆಲ್ಲ ತಿರುಗಿದರು. ಎಲ್ಲರೂ ಕೈ ಮುಗಿದರು. ಮಷೀನು ಇನ್ನೂ ಓಡುತ್ತಿದೆ.

ಪಿಳ್ಳಪ್ಪನವರು ಮುಗಿದ ಕೈ ಇಳಿಸುತ್ತಿದ್ದಾರೆ. ಈಗ ನೆನಪಾಗುತ್ತಿದೆ ಅವರಿಗೆ.

ಹುಲಿಗೆಪ್ಪನಿಗೆ ಮೊದಲೇ ಗೊತ್ತಾಗಿದೆ. ನನ್ನನ್ನೇ ನೋಡುತ್ತಿದ್ದಾನೆ. ಮಷೀನ್ ನಿಲ್ಲಿಸುವ ಕೆಂಪು ಸ್ವಿಚ್ಚು ಅವನ ಕೈಯಡಿಯಲ್ಲೇ ಇದೆ. ಒತ್ತುತ್ತಿಲ್ಲ. ನಾನೂ ಕೀ ಒತ್ತುತ್ತಿಲ್ಲ.